ಮ್ಯಾಲ ಹೋಗಾವ್ರ ಗಾಳಿ

ಭೋಜ ಊರಿನ ಜ್ಞಾನದೇವ ಏರ್‌ಫೋರ್ಸಿನ್ಯಾಗ ಇದ್ದಾಂವ ಅಂದ್ರ ಊರ ಮಂದಿ ಅಂವ ವಿಮಾನ ಹಾರಸ್ತಿದ್ದ ಅಂತನ ತಿಳಕೊಂಡಾರ. ಅಂವ ಒಮ್ಮಿನೂ ಹಾರಿಸಿಲ್ಲ. ಹಾರಿಸಾವ್ರಿಗೆ ಉಸಿರಿನ ಗಾಳಿ ತುಂಬಿ ಕಳಸ್ತಿದ್ದ. ಇದನ್ನ ಹೇಳಿ ಹೇಳಿ ಸಾಕಾಗಿ ಈಗ ಸುಮ್ನಾಗ್ಯಾನ. ಊರಾಗ ಒಮ್ಮೆ ಪೈಲಟ್ ಅನ್ನಿಸಿಕೊಂಡ್ರ ಇಳಿಯೂದು ಭಾಳ ತ್ರಾಸಿನ ಕೆಲಸ.

ಎತ್ತರಕ್ಕ ಹೋದಂಗ ಗಾಳಿ ತೆಳ್ಳಗ ಆಗತೈತಿ. ಎಂಥಾ ಪೈಲವಾನ ಇದ್ರೂ ಮೊದಲ ಕಾರಣಿಲ್ಲದ ಖುಷಿ ಆಗ್ತಾನ, ಆಮ್ಯಾಲ ಎಚ್ಚರ ತಪ್ತಾನ. ಅದಕ್ಕ ಲಢಾಯಿ ವಿಮಾನದಾಗ ಕುಂಡ್ರಾಂವ ನೆಲದ ಮ್ಯಾಲಿದ್ದಾಗನ ಮಾಸ್ಕ್ ಹಾಕ್ಕೊಂತಾನ. ರೆಗ್ಯುಲೇಟರ್ ಅಂತ ಒಂದು ಐತಿ. ಕೆಳಗಿದ್ದಾಗ ಸಾದಾ ಗಾಳಿಗೆ ಒಂಚೂರು ಆಕ್ಸಿಜನ್ ಕೂಡಸಿ ಕೊಡತೈತಿ, ಏರಿದಂಗ ಆಕ್ಸಿಜನ್ ಪಾಲು ತಾನ ಹೆಚ್ಚು ಮಾಡತೈತಿ. ಹಳೇ ವಿಮಾನಕ್ಕ ಜ್ಞಾನದೇವ ಬಾಟ್ಲಿ ತುಂಬತಿದ್ದ. ಹೊಸಾವು ಬಂದ್ವು, ಅವು ಎಂಜಿನ್ ಕಡಿಂದ ಬರೂ ಗಾಳೀನ ಹಿಟ್ಟು ಸಾಣಿಸಿದಂಗ ಸಾಣಿಸಿ, ನೈಟ್ರೋಜನ್ ಹಿಡದಿಟ್ಟು, ಆಕ್ಸಿಜನ್ ಮುಂದ ಬಿಡ್ತಾವು. ಎಣ್ಣಿ ಹತ್ತಿದ ಕೈ ಮಾತ್ರ ಆಕ್ಸಿಜನ್ ಹತ್ರ ತರಂಗಿಲ್ಲ, ಭಗ್ ಅಂತ ಬೆಂಕಿ ಹತ್ತತೈತಿ. ಅದ ರೂಢಿಯಾಗಿ ಅಂವ ರಜಾಕ್ಕ ಬಂದಾಗೂ ತಲಿಗೆ ಎಣ್ಣಿ ಮುಟ್ಟಸ್ತಿರ್ಲಿಲ್ಲ. ಅವನವ್ವ ಸುಂದ್ರವ್ವ ಬಟ್ಟಲ ಹಿಡಕೊಂಡು ಬೆನ್ನ ಹತ್ತತಿದ್ಲು. "ಹಡದಾಕಿ ಎಣ್ಣಿ ಹಚ್ಚಿದ್ರ ಸರಕಾರ ಬೀಳತೈತೇನಲೇ ಖೋಡಿ?"

ಸುಂದ್ರವ್ವ ನಿಪ್ಪಾಣಿ ವಖಾರಿಯೊಳಗ ತಂಬಾಕ ಹಸನ ಮಾಡಿ ಮಾಡಿ ಎದಿ ಕೆಡಿಸ್ಕೊಂಡಾಕಿ. ಈ ವರ್ಷ ನಾಕ ಮಾತಾಡಿದ್ರ ತೇಕು ಹತ್ತಾಕತ್ತಿತು, ತುಟಿ ನೀಲಿ ಆದ್ವು. "ಮನ್ಯಾಗ ಆಕ್ಸಿಜನ್ ಮಶಿನ್ ಇಡ್ರಿ, ದಿನಾ ಹಚ್ರಿ. ಹಚ್ಚಲಿಲ್ಲಂದ್ರ ಹಾರ್ಟ್ ಸೋಲತೈತಿ" ಅಂತ ಡಾಕ್ಟರ್ ಹೇಳಿದ್ರು. ಜ್ಞಾನದೇವ ಅವತ್ತ ಮಶಿನ್ ತಂದ. ತಗದು ನೋಡ್ತಾನ, ಇದೂ ಗಾಳಿ ಸಾಣಿಸೂದ! ವಿಮಾನದಾಗಿಂದರ ತಂಗಿ. ಅವನಿಗೆ ಎಷ್ಟು ಖುಷಿ ಆತಂದ್ರ, ಅವ್ವಗ ಬ್ಯಾನಿ ಐತಿ ಅನ್ನೂದನ್ನ ಒಂದು ಗಳಿಗಿ ಮರತ.

ಆದ್ರ ಈ ಭಾಗದಾಗ "ಆಕ್ಸಿಜನ್ ಹಚ್ಚ್ಯಾರ" ಅನ್ನೂ ಮಾತಿಗೆ ಒಂದ ಅರ್ಥ. ಹೇಳಾವ್ರು ದನಿ ಇಳಸ್ತಾರ, ಕೇಳಿದಾವ್ರು ಕೊನೀ ಸಲ ಮಾರಿ ನೋಡಾಕ ಗಾಡಿ ಹುಡುಕ್ತಾರ. ಬಾಜೂ ಮನಿಯಾಕಿ ಮಶಿನ್ ನೋಡಿದ್ಲು, ಅಷ್ಟ ಸಾಕಾತು. ಮರುದಿನ ಅಥಣಿ ಕಡೆ ಅನಂತಪುರಕ್ಕ ಕೊಟ್ಟ ತಂಗಿ ಅನುಸೂಯಾ ಅಗಸಿಯಿಂದನ ಅಳಕೋತ ಬಂದ್ಲು. ಕರೋಶಿಯಿಂದ ಸ್ವಾದರಮಾವ ಕಾಡಸಿದ್ದ ಬಂದ. ಬಂದಾವನ, "ಜ್ಞಾನು, ಜಾಗಾ ಯಾವ ಹೊಲದಾಗ ಅಂತ ಮಾಡೀ?" ಅಂತ ಕೇಳಿದ.

ಸುಂದ್ರವ್ವ ರೊಟ್ಟಿ ಮುರಕೋತ ಕುಂತಿದ್ಲು. "ನಾ ಇನ್ನೂ ಉಣ್ಣಾಕತ್ತೇನಿ, ತಮ್ಮಾ" ಅಂದ್ಲು.

ಆದ್ರ ಕೊಳವಿ ಮಾತ್ರ ಮೂಗಿನ ಹತ್ರ ಬರಗೊಡಲಿಲ್ಲ. "ಅದನ್ನ ಹಚ್ಚಿದ ದಿನಾ ನನ್ನ ಕಥಿ ಮುಗೀತು. ವಖಾರಿ ಗೆಳತ್ಯಾರಿಗೆ ಹಚ್ಚಿದ್ರಲ್ಲ, ಯಾರು ತಿರುಗಿ ಬಂದಾರ?"

ಖರೇನ, ಯಾರೂ ಬಂದಿರ್ಲಿಲ್ಲ. ಅವ್ರಿಗೆ ಹಚ್ಚಿದ್ದ ಕೊನೀ ಗಳಿಗ್ಯಾಗ. ಇದನ್ನ ಅವ್ವಗ ಹೆಂಗ ತಿಳಸೂದು? ಜ್ಞಾನದೇವ ಅವ್ವನ ಮುಂದ ಕುಂತ. ತನಗ ಗೊತ್ತಿದ್ದದ್ದು ಹೇಳಿದ.

"ಅವ್ವಾ, ಇದು ಸಾಯಾವ್ರಿಗಲ್ಲ. ಕಲ್ಲು ತಿಂದು ಕರಗಸೂವಂಥ ಹುಡುಗೂರಿಗೆ ನನ್ನ ಕೈಲೇ ಹಚ್ಚೇನಿ."

"ಯಾಕ, ಅವ್ರಿಗೇನ ಧಾಡಿ ಆಗಿತ್ತ?"

"ಏನೂ ಆಗಿರ್ಲಿಲ್ಲಬೇ. ಮ್ಯಾಲ ಹೋಗಾವ್ರಿದ್ರು."

ಅನುಸೂಯಾ "ಯವ್ವಾ" ಅಂತ ಬಾಯಿ ಬಡಕೊಂಡ್ಲು. ಕಾಡಸಿದ್ದ ತಲೀಮ್ಯಾಗಿನ ಟೊಪಗಿ ತಗದ. ಜ್ಞಾನದೇವ ತನ್ನ ನಾಲಗಿ ತಾನ ಕಚ್ಚಿಕೊಂಡ, ಆದ್ರ ಆಡಿದ ಮಾತು ಹೋಗಿಬಿಟ್ಟಿತ್ತು.

ಸುಂದ್ರವ್ವ ಅಳಲಿಲ್ಲ. "ಮ್ಯಾಲ ಹೋದಾವ್ರು ಕೆಳಗ ಬರ್ತಿದ್ರೇನ?"

"ಬರ್ಲಿ ಅಂತನ ಹಚ್ಚೂದಬೇ."

"ಎಲ್ಲಾರೂ ಬಂದ್ರು?"

ಹೂಂ ಅಂದಿದ್ರ ಆಗ್ತಿತ್ತು. ಅವನ ಬಾಯಿಗೆ ಬರ್ಲಿಲ್ಲ. "ಒಬ್ಬಾಂವ ಬರ್ಲಿಲ್ಲ. ಎಂಜಿನ್ ಕೈಕೊಡ್ತು. ಗಾಳಿ ಬರೋಬರಿ ಇತ್ತು, ತನಿಖಿಯೊಳಗ ಅದನ್ನೂ ನೋಡಿದ್ರು. ಅವನ ಮಾಸ್ಕ್ ನಾನ ನೋಡಿ ಕಳಿಸಿದ್ದೆ." ಅಂವ ಇಲ್ಲೀತನ ಮನ್ಯಾಗ ಯಾರಿಗೂ ಈ ಮಾತು ಹೇಳಿರ್ಲಿಲ್ಲ, ಹೆಂಡತಿಗೂ.

ಸುಂದ್ರವ್ವ ರೊಟ್ಟಿ ತುಸು ಬಾಜೂಕ ಸರಸಿದ್ಲು. "ನನಗ ಹಚ್ಚಾಕ ಅಂಜಿಕಿ ಬರತೈತೇನೋ?"

"ಹಚ್ಚದಿದ್ರ ಹೆಚ್ಚ ಬರತೈತಿ, ಅವ್ವಾ."

ಆಕಿ ಮಗನ ಮಾರಿ ನೋಡಿದ್ಲು. ಸುಳ್ಳು ಹೇಳಿ ಸಮಾಧಾನ ಮಾಡೂ ಮಂದೀನ ಆಕಿ ಬೇಕಾದಷ್ಟು ಕಂಡಿದ್ಲು. "ಹಚ್ಚ ಹಂಗಾರ" ಅಂದು ಮುಖ ಎತ್ತಿದ್ಲು.

ಜ್ಞಾನದೇವ ಸಾಬಾಣ ಹಚ್ಚಿ ಕೈ ತೊಳಕೊಂಡ. ಕೊಳವಿ ಕಿವಿ ಹಿಂದ ಹಾಯಿಸಿ ಮೂಗಿಗಿಟ್ಟು ಮಶಿನ್ ಚಾಲೂ ಮಾಡಿದ. ಅದು ಗುರ್ರ್ ಅಂತು. ಸುಂದ್ರವ್ವ ಕುಂತಾವ್ರಿಗೆಲ್ಲಾ ಕೈ ಮುಗದು, "ಹೋಗಿ ಬರ್ತೇನ್ರಿ" ಅಂತ ಕಣ್ಣ ಮುಚ್ಚಿದ್ಲು.

ಅನುಸೂಯಾ ಮತ್ತ ಶುರು ಮಾಡಿದ್ಲು. ಕಾಡಸಿದ್ದ ಗೋಡಿ ಕಡೆ ತಿರುಗಿದ. ಜ್ಞಾನದೇವ ತುಟಿ ಅಷ್ಟ ನೋಡ್ಕೋತ ನಿಂತ. ನೀಲಿ ಇದ್ದದ್ದು ಸಾವಕಾಶ ಕೆಂಪಗಾಗಾಕತ್ತಿತು.

ಸುಂದ್ರವ್ವ ಒಂದು ಕಣ್ಣು ತಗದು ಮಗಳನ್ನ ನೋಡಿದ್ಲು. "ಸಾಕ ಬಿಡಬೇ ಅಳೂದು. ಏಳ, ಎಲ್ಲಾರಿಗೂ ಚಾ ಇಡ. ಬಂದೇನಿ."