ತಲೆ ಎಣಿಸಲು ಬಂದಾಕೆ

ಆ ವರ್ಷವೂ ಮಳೆ ಕೈಕೊಟ್ಟಿತ್ತು. ಎಂಬತ್ತರ ದಶಕದ ಕೊನೆ. ಬೇ ಏರಿಯಾದಲ್ಲಿ ಮನೆ ಮನೆಯ ನೀರಿಗೂ ಮಿತಿ ಹಾಕಿದ್ದರು. ನೆವಾರ್ಕಿನ ನಮ್ಮ ಬಾಡಿಗೆ ಮನೆಯ ನೀರಿನ ಬಿಲ್ಲು ಕಟ್ಟುತ್ತಿದ್ದವಳು ಲಾಸ್ ಆಲ್ಟೋಸಿನಲ್ಲಿದ್ದ ಮನೆಯೊಡತಿ. ಮಿತಿ ದಾಟಿದರೆ ಮನೆ ಖಾಲಿ ಮಾಡಿಸುತ್ತೇನೆ ಎಂದು ಆಕೆ ಫೋನು ಮಾಡಿದಾಗ ನನಗೆ ಒಂಬತ್ತನೇ ತಿಂಗಳು.

ನಾವಿಬ್ಬರು, ಇಬ್ಬರು ಮಕ್ಕಳು, ಬಾಣಂತನಕ್ಕೆಂದು ಮಂಡ್ಯದಿಂದ ಬಂದಿದ್ದ ಅಮ್ಮ. ನಾಲೆಯ ಪಕ್ಕದಲ್ಲೇ ಹುಟ್ಟಿ ಬೆಳೆದವಳು ಇಲ್ಲಿ ಟಬ್ಬಿನೊಳಗೆ ಬಕೆಟ್ಟಿಟ್ಟುಕೊಂಡು ಚೊಂಬಿನಲ್ಲಿ ಮೀಯುತ್ತಿದ್ದಳು. ಅಕ್ಕಿ ತೊಳೆದ ನೀರಿನಲ್ಲೇ ಸೊಪ್ಪು ತೊಳೆಯುತ್ತಿದ್ದಳು. ಮಕ್ಕಳು ನಲ್ಲಿ ತಿರುಗಿಸಿದರೆ ಸಾಕು, ಓಡಿಹೋಗಿ ನಿಲ್ಲಿಸುತ್ತಿದ್ದೆ.

ಬಾಡಿಗೆ ಕೊಡಲು ನನ್ನವರ ಜೊತೆ ಲಾಸ್ ಆಲ್ಟೋಸಿಗೆ ಹೋದೆ. ಮಟಮಟ ಮಧ್ಯಾಹ್ನ ಆಕೆಯ ಹುಲ್ಲುಹಾಸಿನ ಮೇಲೆ ನೀರು ಚಿಮ್ಮುತ್ತಿತ್ತು. ಹೆಚ್ಚಾದದ್ದು ರಸ್ತೆಗಿಳಿದು ಚರಂಡಿ ಸೇರುತ್ತಿತ್ತು. ಹಿತ್ತಿಲಲ್ಲಿ ತುಂಬಿದ ಈಜುಕೊಳ. ಅಷ್ಟು ದೊಡ್ಡ ಮನೆಗೆ ಆಕೆಯೊಬ್ಬಳೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

"ಬಾಯಿ ಬಿಡಬೇಡ ಕಣೇ. ಡೆಲಿವರಿ ಆಗೋವರೆಗಾದ್ರೂ ಸುಮ್ನಿರು" ಎಂದು ನನ್ನವರು ಕಾರಿನಲ್ಲೇ ಕೈ ಮುಗಿದರು.

ಮುಂದಿನ ಶನಿವಾರ ಆಕೆಯೇ ಬಂದಳು. "ಈ ತಿಂಗಳೂ ನೀರು ಹೆಚ್ಚಾಗಿದೆ. ಎಷ್ಟು ಜನ ಇದ್ದೀರಿ ಇಲ್ಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿ, ಉತ್ತರಕ್ಕೂ ಕಾಯದೆ ಬೆರಳು ತೋರಿಸಿ ಎಣಿಸತೊಡಗಿದಳು. ಮಕ್ಕಳು, ನನ್ನವರು, ಅಮ್ಮ, ನಾನು. ಕೊನೆಗೆ ಬೆರಳು ನನ್ನ ಹೊಟ್ಟೆಯ ಕಡೆ ತಿರುಗಿ ನಿಂತಿತು. "ಇನ್ನೂ ಒಂದು! ಈ ಭೂಮಿ ಇಷ್ಟು ಜನರನ್ನು ಹೇಗೆ ತಾಳಬೇಕು?"

ನಮ್ಮಲ್ಲಿ ಮಕ್ಕಳನ್ನು ಎಣಿಸುವುದಿಲ್ಲ, ದೃಷ್ಟಿಯಾಗುತ್ತದೆ. ಬಸುರಿಯ ಹೊಟ್ಟೆಗಂತೂ ಬೆಟ್ಟು ಮಾಡಲೇಬಾರದು. ಇಂಗ್ಲಿಷಿನ ಗಂಧವಿಲ್ಲದ ಅಮ್ಮ ದಡಕ್ಕನೆ ಎದ್ದು, ಆ ಬೆರಳನ್ನು ಹಿಡಿದು ಕೆಳಗಿಳಿಸಿದಳು. "ಎಣಿಸ್ಬ್ಯಾಡ ಅಂತ ಹೇಳವ್ವ ಅವಳ್ಗೆ. ಹೇಳು!"

ಮನೆಯೊಡತಿಯ ಮುಖ ಕೆಂಪಾಯಿತು. ನನ್ನವರು ಕಣ್ಣಲ್ಲೇ ಬೇಡ, ಬೇಡ ಎಂದರು. ನನಗೆ ಮೈಯೆಲ್ಲ ಉರಿದುಹೋಗಿತ್ತು. "ತಲೆ ಎಣಿಸಬೇಡಿ, ಬಕೆಟ್ಟು ಎಣಿಸಿ" ಎಂದೆ. "ನಮ್ಮ ಐದು ಜನರದ್ದೂ ಎಣಿಸಿ, ನಿಮ್ಮ ಹುಲ್ಲಿನದ್ದೂ ಎಣಿಸಿ."

"ನನ್ನ ನೀರಿಗೆ ನಾನು ದುಡ್ಡು ಕೊಡುತ್ತೇನೆ" ಎಂದಳು. ತಿಂಗಳ ಕೊನೆಗೆ ಮನೆ ಬಿಡಬೇಕೆಂದು ಹೇಳಿ ಹೊರಟೇಹೋದಳು.

"ಸಮಾಧಾನ ಆಯ್ತಾ ಈಗ?" ಎಂದು ನನ್ನವರು ತಲೆಯ ಮೇಲೆ ಕೈಹೊತ್ತು ಕೂತರು. ನನ್ನ ಹೊಟ್ಟೆ ನೋಡಿದ ಮೇಲೆ ಯಾವ ಅಪಾರ್ಟ್‌ಮೆಂಟಿನವರೂ ಮನೆ ಕೊಡಲಿಲ್ಲ. ಎಲ್ಲಿ ಹೆರಲಿ ನಾನು, ಫ್ರೀವೇ ಮೇಲೇ? ಕೊನೆಗೆ ಸ್ಯಾನ್ ರಮೋನಿನ ಗೆಳೆಯರೊಬ್ಬರು ತಮ್ಮ ಮನೆಯ ಹಜಾರವನ್ನೇ ನಮಗೆ ಬಿಟ್ಟುಕೊಟ್ಟರು. ಅವರ ಮನೆಯಲ್ಲಿ ಆಗಲೇ ಆರು ಜನ. ನೀರಿನ ಮಿತಿ ಅವರಿಗೂ ತಪ್ಪಿರಲಿಲ್ಲ.

ಮಗಳು ಹುಟ್ಟಿ, ಆಸ್ಪತ್ರೆಯಿಂದ ಅಲ್ಲಿಗೆ ಬಂದೆವು. ಬಾಣಂತಿಗೆ ಹಂಡೆಗಟ್ಟಲೆ ಬಿಸಿನೀರು ಹೊಯ್ದೇ ಅಭ್ಯಾಸವಿದ್ದ ಅಮ್ಮ, ಒಂದೇ ಬಕೆಟ್ಟು ತುಂಬಿಸಿ, ಸದ್ದಾಗದ ಹಾಗೆ ಕಳ್ಳಿಯಂತೆ ನನ್ನ ಬೆನ್ನಿಗೆ ಹಾಕತೊಡಗಿದಳು. ಬಚ್ಚಲ ಬಾಗಿಲು ತಟ್ಟಿದ ಸದ್ದಾಯಿತು. ಅಮ್ಮ ಹೆದರಿ ಹೆದರಿ ತೆಗೆದರೆ, ಆ ಮನೆಯಾಕೆ ಹಬೆಯಾಡುವ ಇನ್ನೊಂದು ಬಕೆಟ್ಟು ಹಿಡಿದು ನಿಂತಿದ್ದಳು.

"ಬೆನ್ನಿಗೆ ಚೆನ್ನಾಗಿ ಹಾಕೀಮ್ಮಾ. ನಮ್ಮನೇಲಿ ಇವತ್ತು ಯಾರೂ ಸ್ನಾನ ಮಾಡಿಲ್ಲ."