ನಿಂಬೆಹಣ್ಣು ದಾಟದ ವಿಮಾನ

ಕುಣಿಗಲ್ ದಾಟಿ ಹಾಸನದ ರೋಡಲ್ಲಿ ನನ್ ಟೀ ಅಂಗಡಿ. ಎದುರಿನ ಬಯಲಲ್ಲಿ ಮೊನ್ನೆವರೆಗೂ ಒಂದು ವಿಮಾನ ನಿಂತಿತ್ತು. ಎಲ್ಲೋ ಮಳೇಲಿ ಇಳಿಯುವಾಗ ಜಾರಿ ಹೊಟ್ಟೆ ಕಿತ್ಕಂಡಿತ್ತಂತೆ. ಒಳಗಿದ್ದ ಜನ ಉಳ್ಕಂಡ್ರು, ಅದು ಉಳೀಲಿಲ್ಲ. ಇನ್ನು ಹಾರೋಕೆ ಲಾಯಕ್ಕಿಲ್ಲ ಅಂತ ಕಂಪ್ನಿಯೋರು ಕೈ ತೊಳ್ಕಂಡ್ರು. ಯಾರೋ ಸಾವ್ಕಾರ, ಇದ್ರಲ್ಲಿ ಹೋಟ್ಲು ಮಾಡ್ತೀನಿ ಅಂತ ಬಿಡಿಬಿಡಿಯಾಗಿ ಲಾರೀಲಿ ತರ್ಸಿ, ಜೋಡ್ಸಿ, ಅದರ ಚಕ್ರದ ಮೇಲೇ ನಿಲ್ಸಿದ. ಹೋಟ್ಲಂತೂ ಆಗ್ಲಿಲ್ಲ.

ಕಾಯೋಕೆ ಕದರಯ್ಯನ್ನ ಇಟ್ಟ. ಗುಬ್ಬಿ ಕಡೆ ಚೇಳೂರಿನವನು, ಲಾರಿ ಓಡಿಸ್ತಿದ್ದವನು. ಹೆಂಡ್ತಿ ಚಿಕ್ಕಮಾರಮ್ಮ ತೀರ್ಕಂಡ ಮೇಲೆ ಮಕ್ಕಳಿಲ್ಲ ಮರಿಯಿಲ್ಲ, ಅಲ್ಲೇ ತಗಡಿನ ಶೆಡ್ಡಲ್ಲಿ ಬಿದ್ಕಂಡಿದ್ದ. ಬೆಳಿಗ್ಗೆ ಎದ್ರೆ ವಿಮಾನದ ಮೂತಿ ಒರೆಸೋನು, ಅದರ ಜೊತೆ ಮಾತಾಡೋನು. ನನ್ಹತ್ರ ಮಾತ್ರ "ಒಂದ್ ಟೀ" ಅಷ್ಟೇ. ನಾನೂ ಉರ್ಕಂಡು, "ಅದಕ್ಕೂ ಒಂದ್ ಕೊಡ್ಲಾ?" ಅಂತಿದ್ದೆ.

ಆಯುಧಪೂಜೆ ದಿನ ಅದಕ್ಕೆ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣು ಇಡೋನು. ಯಾವ ಗಾಡಿಯಾದ್ರೂ ಪೂಜೆ ಆದ್ಮೇಲೆ ಹಣ್ಣು ತುಳ್ಕಂಡು ಮುಂದಕ್ಕೆ ಹೋಗ್ಬೇಕು, ಆಗ್ಲೇ ದೃಷ್ಟಿ ಕಳಿಯೋದು. ಇದು ಹೋಗೋದೆಲ್ಲಿಗೆ? ಪ್ರತಿ ವರ್ಷ ಹಣ್ಣು ಅಲ್ಲೇ ಒಣಗೋದು.

"ಅದು ಹೋಗಲ್ಲ ಕಣಯ್ಯ, ಯಾಕೆ ಒದ್ದಾಡ್ತೀಯ?" ಅಂದೆ ಒಂದ್ಸಲ.

"ಏಟು ತಿಂದ ಗಾಡಿ ಕಣಮ್ಮ. ದೃಷ್ಟಿ ಕಳೀದೆ ಹಂಗೇ ನಿಂತ್ಬುಟ್ಟದೆ. ಒಂದ್ಸಲ ಉರುಳಿದ್ರೆ ಸಾಕು," ಅಂದ.

ಈ ಸಲ ಹಬ್ಬ ಕಳೆದ ಮಾರನೇ ದಿನವೇ ಗುಜರಿಯೋರು ಗ್ಯಾಸ್ ಕಟರ್, ಕ್ರೇನು ತಗಂಡು ಬಂದ್ರು. ಸಾವ್ಕಾರ ಮಾರ್ಬುಟ್ಟಿದ್ದ. ಕಾಯೋನಿಗೆ ಒಂದ್ ಮಾತು ಹೇಳಿರ್ಲಿಲ್ಲ, ಅವನ ಮನೆ ಹಾಳಾಗ. ಕದರಯ್ಯ ಜಗಳ ಆಡ್ಲಿಲ್ಲ. ಅವರ ಮೇಸ್ತ್ರಿ ಪ್ರಭುದೇವನ ಮುಂದೆ ಕೈ ಮುಗಿದು ನಿಂತ.

"ಕುಯ್ರಿ ಸ್ವಾಮಿ, ಬ್ಯಾಡ ಅನ್ನಲ್ಲ. ಮೊದ್ಲು ಒಂದು ಮಾರು ಎಳೀರಿ. ನಿಂಬೆಹಣ್ಣು ಇಟ್ಟಿವ್ನಿ."

ಜೊತೇಲಿದ್ದೋರು ನಕ್ರು. ನನಗೆ ಪಿತ್ತ ನೆತ್ತಿಗೇರ್ತು. "ನಿಮ್ ಗಾಡಿ ಮುಂದೆ ತೂಗಾಡ್ತಿರೋದು ಏನ್ರೋ?" ಅಂದೆ. ಕ್ರೇನಿನ ಮೂತೀಲಿ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿತ್ತು. ಪ್ರಭುದೇವ ಅದನ್ನ ನೋಡ್ದ, ವಿಮಾನಕ್ಕೆ ಸರಪಳಿ ಹಾಕ್ಸಿದ.

ಟೈರಲ್ಲಿ ಗಾಳಿ ಇಲ್ಲ, ಚಕ್ರಕ್ಕೆಲ್ಲ ತುಕ್ಕು. ಕ್ರೇನು ಮುಂದಿಂದ ಎಳೀತಿದ್ರೆ ಕದರಯ್ಯ ಹಿಂದಿಂದ ಎರಡೂ ಕೈ ಕೊಟ್ಟು ತಳ್ತಿದ್ದ, ಅದೇನು ಅವನಿಂದ ಆಗೋ ಕೆಲ್ಸನಾ. ಕೊನೆಗೆ ಕಿರ್ರಂತ ಉರುಳ್ತು. ಹಣ್ಣು ಅಪ್ಪಚ್ಚಿ ಆಯ್ತು.

"ಆಯ್ತು, ಹೋಗ್ಬಾ," ಅಂದ ವಿಮಾನಕ್ಕೆ. ಆಮೇಲೆ ಆ ಕಡೆ ತಿರುಗಿ ನೋಡ್ಲಿಲ್ಲ. ಕುಯ್ಯೋ ಸದ್ದು ಸಂಜೆವರೆಗೂ ಕೇಳ್ತಾನೇ ಇತ್ತು.

ಇವತ್ತು ಬೆಳಿಗ್ಗೆ ಒರೆಸೋ ಬಟ್ಟೆ ಹೆಗಲ ಮೇಲೆ ಹಾಕ್ಕಂಡು ಅಂಗಡಿಗೆ ಬಂದ. ಖಾಲಿ ಬಯಲು ನೋಡ್ತಾ ಟೀ ಕುಡ್ದ.

"ಮಂಜುಳಮ್ಮ, ಅದೇನೋ ಹೋಯ್ತು. ಈಗ ನಾನು ಏನ್ ಕಾಯ್ಲಿ?"

ನಾನು ಖಾಲಿ ಲೋಟ ಎತ್ಕಂಡೆ. ಅವನು ಬಟ್ಟೆ ತಗಂಡು ನನ್ ಅಂಗಡಿ ಬೆಂಚು ಒರೆಸೋಕೆ ಶುರು ಮಾಡ್ದ. ಒರೆಸಿದ್ದನ್ನೇ ಒರೆಸ್ತಿದ್ದ. ಸಾಕು ಬುಡಯ್ಯ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ.