ಗ್ಯಾಸಿನ ಟ್ಯೂಬಿನ ಮೇಲೆ ಕೂತವನು

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಾನು ದೇವದುರ್ಗದಲ್ಲಿ ಟ್ರ್ಯಾಕ್ಟರ್ ಟ್ಯೂಬೊಂದರ ಮೇಲೆ ಕೂತೆ. ಅನಾಹುತ ಅಲ್ಲಿಂದಲೇ ಶುರು.

ಎಪ್ಪತ್ತರ ದಶಕದ ಕೊನೆ. ರಾಯಚೂರಿನಲ್ಲಿ ಬಿ.ಎಸ್ಸಿ. ಮುಗಿಸಿದ ನನಗೆ ಸಿಕ್ಕ ವೈಜ್ಞಾನಿಕ ಹುದ್ದೆ ಇಷ್ಟೇ: ಉಪನ್ಯಾಸಕರೊಬ್ಬರು ಊರೂರಲ್ಲಿ ಗೋಬರ್ ಗ್ಯಾಸಿನ ಬಗ್ಗೆ ಭಾಷಣ ಮಾಡುವಾಗ, ಕಲ್ಮಲ ಎಂಬ ಹಳ್ಳಿಯ ಗ್ಯಾಸ್ ಗುಂಡಿಯಿಂದ ತುಂಬಿಸಿ ತಂದ ಟ್ಯೂಬಿನ ಮೇಲೆ ಕೂರುವುದು. ಭಾರ ಬಿದ್ದರೆ ಗ್ಯಾಸು ಪೈಪಿನ ಮೂಲಕ ಒಲೆಗೆ ಹೋಗುತ್ತದೆ. ಇದರಲ್ಲಿ ಅಪಾಯವೇ ಇಲ್ಲವೆಂದು ಉಪನ್ಯಾಸಕರು ಹದಿನೈದು ಅಡಿ ದೂರದ ಮೈಕಿನಿಂದ ಧೈರ್ಯ ಹೇಳುತ್ತಿದ್ದರು.

ಹೊಸದು ಏನೇ ಬರಲಿ, ಪೂಜೆಯಾಗದೆ ನಮ್ಮಲ್ಲಿ ಶುರುವಾಗುವುದಿಲ್ಲ. ಅಧ್ಯಕ್ಷರಾಗಿ ಬಂದಿದ್ದ ಅಕ್ಕಿ ಗಿರಣಿ ಸಾಹುಕಾರರು ಟ್ಯೂಬಿಗೆ ವಿಭೂತಿ ಬಳಿದು, ಒಲೆಯ ಮುಂದೆ ಕಾಯಿ ಒಡೆದರು. ಆ ಏಟಿಗೆ ಪೈಪು ಒಲೆಯಿಂದ ಕಳಚಿತು. ಅದರ ಬಾಯಿಗೆ ಬಲಗೈ ಹೆಬ್ಬೆರಳು ಒತ್ತಿ ಹಿಡಿದೆ. ಕರ್ಪೂರದಾರತಿ ಒಲೆಯನ್ನು ಬೆಳಗಿ ನನ್ನ ಬಳಿ ಬಂತು. ಎಡಗೈ ಚಾಚಿದೆ.

"ಓದಿದವ್ರು ನೀವು, ಎಡಗೈಲೆ ಆರತಿ ತಗೋತಾರೇನ್ರಿ?" ಎಂದರು ಸಾಹುಕಾರರು.

ಓದಿದವನಲ್ಲವೇ, ಕೈ ಬದಲಿಸಿದೆ. ಒಂದು ಹೆಬ್ಬೆರಳು ತೆಗೆದು ಇನ್ನೊಂದು ಇಡುವಷ್ಟರಲ್ಲಿ ಭಸ್ಸೆಂದು ಬೆಂಕಿ ಎದ್ದಿತು. ಹುಬ್ಬು, ರೆಪ್ಪೆಗೂದಲು, ಮುಂಗೂದಲು ಸುಟ್ಟುಹೋದವು. ಪೈಪಿನ ಬಾಯಲ್ಲಿ ಉರಿ, ಕೆಳಗೆ ಗ್ಯಾಸು, ನಡುವೆ ನಾನು. ಎದ್ದರೆ ಒತ್ತಡ ತಗ್ಗಿ ಬೆಂಕಿ ಟ್ಯೂಬಿನೊಳಗೆ ಹೊಕ್ಕೀತೆಂದು ಏಳಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಉರಿಯ ನೀಲಿ ಬಣ್ಣವನ್ನು ಎಲ್ಲರೂ ಗಮನಿಸಬೇಕೆಂದು ಉಪನ್ಯಾಸಕರು ವಿನಂತಿಸಿಕೊಂಡರು.

ಟ್ಯೂಬು ಕೊಟ್ಟಿದ್ದ ಪಂಚರ್ ಅಂಗಡಿಯ ಚಾಚಾ ಒಬ್ಬರೇ ಎದ್ದು ಬಂದರು. "ಪೈಪ್ ಮಡಚ್ರಲ್ಲ ಸಾಹೇಬ್ರ," ಎನ್ನುತ್ತ ತಾವೇ ಮಡಚಿ ಹಿಡಿದರು. ಬೆಂಕಿ ಆರಿತು. ಮೂರು ವರ್ಷ ಓದಿದ ಭೌತಶಾಸ್ತ್ರಕ್ಕೆ ಇದು ಹೊಳೆದಿರಲಿಲ್ಲ.

ಆಮೇಲೆ ಕಣ್ಣು ಮುಚ್ಚಿದರೆ ಸಾಕು, ಆ ಆರತಿ ತಟ್ಟೆ ಎದುರು ಬರುತ್ತಿತ್ತು. ಪ್ರತಿ ಸಲವೂ ಕೈ ಬದಲಿಸಬಾರದು ಅಂದುಕೊಳ್ಳುತ್ತಿದ್ದೆ, ಪ್ರತಿ ಸಲವೂ ಬದಲಿಸುತ್ತಿದ್ದೆ. ಪಕ್ಕದ ಮನೆಯಲ್ಲಿ ಯಾರೋ ಕಡ್ಡಿ ಗೀರಿದರೂ ಎದ್ದು ಕೂರುತ್ತಿದ್ದೆ.

ತಿಂಗಳ ಮೇಲೆ ಒಂದು ಭಾನುವಾರ ಮಾನ್ವಿಯಲ್ಲಿ ಭಾಷಣ. ನಾನು ಕೂರುವುದಿಲ್ಲವೆಂದೆ. ಏನೂ ಆಗುವುದಿಲ್ಲವೆಂದು ಉಪನ್ಯಾಸಕರು ಜನರೆದುರೇ ನಕ್ಕರು.

"ಏನೂ ಆಗಂಗಿಲ್ಲ ಅಂದ್ರ ನೀವ ಕುಂದರ್ರಿ ಸರ್. ಮೈಕ್ ನಾ ಹಿಡೀತೀನಿ."

ಜನ ನೋಡುತ್ತಿದ್ದರು, ಉಪನ್ಯಾಸಕರು ಕೂತರು. ಆರತಿ ತಟ್ಟೆ ಕಂಡದ್ದೇ, ಅಪಾಯವಿಲ್ಲದ ಆ ಗ್ಯಾಸಿನ ಹತ್ತಿರ ಬೆಂಕಿ ತರಬೇಡಿರೆಂದು ಕೂಗಿದರು. ಬೀಡಿ ಸೇದುವವರನ್ನು ದೂರ ಕಳಿಸಿದರು. ಕಾಯಿಯನ್ನು ರಸ್ತೆಯಾಚೆ ಒಡೆಸಿದರು. ನಾನು ಕೇಳಿದ ಅವರ ಭಾಷಣಗಳಲ್ಲಿ ಪೂರ್ತಿ ವೈಜ್ಞಾನಿಕವಾದದ್ದು ಅದೊಂದೇ.

ಆ ಭಾನುವಾರ ರಾತ್ರಿ ಮಲಗಿದವನು ಎದ್ದದ್ದು ಸೋಮವಾರ, ಬಿಸಿಲೇರಿದ ಮೇಲೆ.